ದೆವ್ವದ ಜಾಡು ಹಿಡಿಯುವ ಉಪಕರಣಗಳು: ಮಿನುಗುವವು ಮತ್ತು ಬರೆದಿಡುವವು

ದೆವ್ವದ ಕಾಟವಿದೆ ಎಂದು ಹೆಸರಾದ ಕಟ್ಟಡಗಳಲ್ಲಿ ರಾತ್ರಿ ಕಳೆದು ಪರಿಶೀಲನೆ ನಡೆಸುವವರ ಚೀಲದಲ್ಲಿ ಇಂದು ಎರಡು ಬಗೆಯ ಉಪಕರಣಗಳಿರುತ್ತವೆ. ಮೊದಲನೆಯವು ಏನೋ ಘಟಿಸಿತೆಂದು ದೀಪ ಮಿನುಗಿಸಿಯೋ ಸದ್ದು ಮಾಡಿಯೋ ಆ ಕ್ಷಣಕ್ಕೆ ಎಚ್ಚರಿಸುತ್ತವೆ. ಎರಡನೆಯವು ಮೂಲೆಯಲ್ಲಿ ಕುಳಿತು ಇಡೀ ರಾತ್ರಿಯ ಅಂಕಿಗಳನ್ನೋ ಧ್ವನಿಯನ್ನೋ ವೇಳೆ ಸಮೇತ ದಾಖಲಿಸಿಕೊಳ್ಳುತ್ತವೆ. ಮಾಲೀಕರ ಒಪ್ಪಿಗೆ ಪಡೆದ ಹಳೆಯ ಕಟ್ಟಡಗಳಲ್ಲೂ, ಯಾವ ಕಥೆಯೂ ಅಂಟಿಕೊಂಡಿರದ ಸಾಮಾನ್ಯ ಮನೆಗಳಲ್ಲೂ ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ನಾನು ಮತ್ತು ನನ್ನ ಜೊತೆಗಾರರು ಬಳಸಿ ನೋಡಿದ್ದೇವೆ. ದೆವ್ವ ಇದೆಯೋ ಇಲ್ಲವೋ ಎಂಬ ಚರ್ಚೆಗೆ ಇಲ್ಲಿ ಕೈ ಹಾಕುವುದಿಲ್ಲ. ಹೋಲಿಕೆಗೆ ನಾನು ಇಟ್ಟುಕೊಂಡ ಅಳತೆಗೋಲು ಇಷ್ಟೇ: ಉಪಕರಣವೊಂದು ಎಚ್ಚರಿಸಿದರೆ ಅದರ ಕಾರಣವನ್ನು ಮರುದಿನ ಹಗಲಿನಲ್ಲಿ ಹುಡುಕಲು ನೆರವಾಗುತ್ತದೆಯೇ, ಸುಮ್ಮನಿದ್ದರೆ ಆ ಮೌನವನ್ನು ನಂಬಬಹುದೇ?

ದಾಖಲಿಸಿಡುವ ಶಿಸ್ತು ಹೊಸದೇನಲ್ಲ. ಲಂಡನ್ನಿನಲ್ಲಿ 1882ರಲ್ಲಿ ಸ್ಥಾಪನೆಯಾದ, ಅತೀಂದ್ರಿಯ ಅನುಭವಗಳನ್ನು ಅಧ್ಯಯನ ಮಾಡುವ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಸಾಕ್ಷಿಗಳ ಹೇಳಿಕೆಗಳನ್ನು ಸಂಗ್ರಹಿಸಿ ತಾಳೆ ನೋಡುವ ಕೆಲಸವನ್ನು ಆಗಲೇ ಆರಂಭಿಸಿತ್ತು. 1937ರಲ್ಲಿ ದೆವ್ವಗಳ ತನಿಖೆಗೆ ಹೆಸರಾಗಿದ್ದ ಹ್ಯಾರಿ ಪ್ರೈಸ್, ದೆವ್ವದ ಕಾಟವಿದೆ ಎನ್ನಲಾಗುತ್ತಿದ್ದ ಇಂಗ್ಲೆಂಡಿನ ಪಾದ್ರಿ ನಿವಾಸ ಬೋರ್ಲಿ ರೆಕ್ಟರಿಯನ್ನು ಒಂದು ವರ್ಷದ ಮಟ್ಟಿಗೆ ಬಾಡಿಗೆಗೆ ಹಿಡಿದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು 48 ಮಂದಿ ವೀಕ್ಷಕರನ್ನು ಸೇರಿಸಿ, ಅವರ ಕೈಗೆ ಸೂಚನೆಗಳ ಪುಸ್ತಿಕೆಯೊಂದನ್ನು ಕೊಟ್ಟಿದ್ದರು. ಅಳತೆ ಟೇಪು, ಬಾಗಿಲು ಕಿಟಕಿಗಳಿಗೆ ಮುದ್ರೆ ಹಾಕುವ ಸಾಮಗ್ರಿ, ಥರ್ಮಾಮೀಟರ್, ಕ್ಯಾಮೆರಾ, ಸದ್ದಾಗದಂತೆ ನಡೆಯಲು ಶೂಗಳ ಮೇಲೆ ತೊಡುವ ಫೆಲ್ಟ್ ಹೊದಿಕೆ – ಅವರ ಪೆಟ್ಟಿಗೆಯಲ್ಲಿದ್ದ ಬಹುಪಾಲು ವಸ್ತುಗಳು ಮನುಷ್ಯರ ಕೈವಾಡವನ್ನು ತಳ್ಳಿಹಾಕಲೆಂದೇ ಇದ್ದವು. ಪ್ರೈಸ್ ತಲುಪಿದ ತೀರ್ಮಾನಗಳನ್ನು 1956ರಲ್ಲಿ ಅದೇ ಸೊಸೈಟಿಯ ಸದಸ್ಯರು ಕಟುವಾಗಿ ವಿಮರ್ಶಿಸಿದರು ಎಂಬುದು ಬೇರೆ ಮಾತು. ಆದರೆ ಪೆಟ್ಟಿಗೆಯನ್ನು ಮಾತ್ರ ನೋಡಿದರೆ, ಇಂದಿನ ಎಷ್ಟೋ ದುಬಾರಿ ಕಿಟ್‌ಗಳಿಗಿಂತ ಅದೇ ಮೇಲು ಎಂದು ನನಗೆ ಅನಿಸುತ್ತದೆ.

ಮೊದಲ ಸ್ಪರ್ಧೆ ವಿದ್ಯುತ್ಕಾಂತೀಯ ಕ್ಷೇತ್ರವನ್ನು ಅಳೆಯುವ ಇಎಮ್‌ಎಫ್ ಮೀಟರ್‌ಗಳದು. ಟಿವಿ ಕಾರ್ಯಕ್ರಮಗಳಿಂದ ಹೆಸರಾದ ಕೆ-2 ಮೀಟರಿನಲ್ಲಿ ಅಂಕಿಗಳಿಲ್ಲ, ಐದು ದೀಪಗಳಿವೆ. ಕ್ಷೇತ್ರ ಸುಮಾರು 1.5 ಮಿಲಿಗಾಸ್ (ಕಾಂತಕ್ಷೇತ್ರದ ಅಳತೆಯ ಮಾನ) ದಾಟಿದರೆ ಎರಡನೆಯ ದೀಪ, 20 ದಾಟಿದರೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅದರ ಎದುರು ನಾವು ಇಟ್ಟದ್ದು ಟ್ರೈಫೀಲ್ಡ್ ಟಿಎಫ್2. ಇದು ಕಾಂತಕ್ಷೇತ್ರ, ವಿದ್ಯುತ್ ಕ್ಷೇತ್ರ, ರೇಡಿಯೋ ತರಂಗ ಮೂರನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಕಾಂತಕ್ಷೇತ್ರವನ್ನಂತೂ ಮೂರು ಅಕ್ಷಗಳಲ್ಲಿ ಒಟ್ಟಿಗೆ ಅಳೆದು ಒಂದೇ ಅಂಕಿಯಲ್ಲಿ ಹೇಳುತ್ತದೆ. ಕೆ-2 ಅಳೆಯುವುದು ಒಂದೇ ಅಕ್ಷದಲ್ಲಿ. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಂಡರೂ ಕೆಲಸದಲ್ಲಿ ದೊಡ್ಡದು. ವಿದ್ಯುತ್ ಬೋರ್ಡಿನ ಹಿಂಬದಿಯ ಗೋಡೆಗೆ ಕೆ-2 ಅನ್ನು ನೆಟ್ಟಗೆ ಹಿಡಿದಾಗ ಮೂರು ದೀಪ ಹೊತ್ತಿದವು, ಕೈಯನ್ನು ಅಡ್ಡಕ್ಕೆ ತಿರುಗಿಸಿದಾಗ ಒಂದೇ ಉಳಿಯಿತು. ಕತ್ತಲಲ್ಲಿ ನಡೆಯುತ್ತ ಮಣಿಕಟ್ಟು ತುಸು ತಿರುಗಿದರೂ ‘ಯಾರೋ ಬಂದು ಹೋದರು’ ಎಂಬಂತೆ ದೀಪಗಳು ಏರಿ ಇಳಿಯುವುದಕ್ಕೆ ಇಷ್ಟೇ ಸಾಕು. ಟಿಎಫ್2 ಅನ್ನು ಹೇಗೆ ತಿರುಗಿಸಿದರೂ ಅಂಕಿ ಹೆಚ್ಚು ಕಡಿಮೆ ಅದೇ ಇತ್ತು. ಗೋಡೆಯಿಂದ ಒಂದೊಂದೇ ಗೇಣು ಹಿಂದಕ್ಕೆ ಸರಿದಂತೆ ಇಳಿಯುತ್ತ ಬಂತು. ಹೀಗೆ ಇಳಿಯುವ ಅಂಕಿಯ ಬೆನ್ನು ಹತ್ತಿದರೆ ಗೋಡೆಯೊಳಗಿನ ತಂತಿ ಎಲ್ಲಿದೆ ಎಂಬುದು ಸಿಕ್ಕಿಬಿಡುತ್ತದೆ.

ಮೊಬೈಲ್ ಪರೀಕ್ಷೆಯಲ್ಲಿ ಅಂತರ ಇನ್ನೂ ಸ್ಪಷ್ಟವಾಯಿತು. ಮೇಜಿನ ಮೇಲೆ ಕೆ-2 ಇಟ್ಟು, ಪಕ್ಕದಲ್ಲಿ ಕುಳಿತವರ ಜೇಬಿನಲ್ಲಿದ್ದ ಫೋನಿಗೆ ಸಂದೇಶ ಕಳಿಸಿದಾಗ, ಫೋನು ಸದ್ದು ಮಾಡುವ ಮೊದಲೇ ದೀಪಗಳು ಕೆಂಪಿನವರೆಗೆ ಜಿಗಿದು ಮತ್ತೆ ತಣ್ಣಗಾದವು. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುತ್ತಿರುವ ಗುಂಪಿಗೆ ಇದಕ್ಕಿಂತ ಮನವೊಪ್ಪಿಸುವ ‘ಉತ್ತರ’ ಬೇರೆ ಬೇಕಿಲ್ಲ. ಟಿಎಫ್2 ಕೂಡ ರೇಡಿಯೋ ವಿಭಾಗದಲ್ಲಿಟ್ಟಾಗ ಅದೇ ಸಂದೇಶವನ್ನು ಹಿಡಿಯಿತು, ಆದರೆ ಅದು ರೇಡಿಯೋ ತರಂಗ ಎಂದು ಹೇಳಿಯೇ ಹಿಡಿಯಿತು. ಆದ್ದರಿಂದ ಕೆ-2 ಅನ್ನು ಯಾರಾದರೂ ಉಡುಗೊರೆಯಾಗಿ ಕೊಟ್ಟರೂ ಪುರಾವೆಯ ಕೆಲಸಕ್ಕೆ ಬಳಸಬೇಡಿ ಎನ್ನುತ್ತೇನೆ. ತಂತಿಗಳ ಸುಳಿವು ಹುಡುಕಲು ಮಾತ್ರ ಅದು ಪರವಾಗಿಲ್ಲ. ಟಿಎಫ್2 ಕೂಡ ನಿರ್ದೋಷಿಯಲ್ಲ. ಅದು ಅಂಕಿಗಳನ್ನು ತಾನಾಗಿ ಉಳಿಸಿಡದ ಕಾರಣ, ಅದರ ಪರದೆಗೆ ಎದುರಾಗಿ ಕ್ಯಾಮೆರಾ ನಿಲ್ಲಿಸಿ, ಎಲ್ಲರ ಫೋನುಗಳನ್ನು ಏರೋಪ್ಲೇನ್ ಮೋಡಿಗೆ ಹಾಕಿ ಕೂರಬೇಕಾಗುತ್ತದೆ.

ಇಷ್ಟಕ್ಕೂ ದೆವ್ವಕ್ಕೂ ಕಾಂತಕ್ಷೇತ್ರಕ್ಕೂ ಏನು ಸಂಬಂಧ ಎಂದು ಕೇಳುವುದು ನ್ಯಾಯವೇ. ಮೆದುಳಿನ ಮೇಲೆ ದುರ್ಬಲ ಕಾಂತಕ್ಷೇತ್ರ ಹಾಯಿಸಿದರೆ ಯಾರೋ ಪಕ್ಕದಲ್ಲಿರುವ ಅನುಭವವಾಗುತ್ತದೆ ಎಂದು ಕೆನಡಾದ ನರವಿಜ್ಞಾನಿ ಮೈಕೆಲ್ ಪರ್ಸಿಂಜರ್ ವಾದಿಸಿದ್ದರು. ಆದರೆ 2005ರಲ್ಲಿ ಸ್ವೀಡನ್ನಿನ ಸಂಶೋಧಕರು ಕ್ಷೇತ್ರ ನಿಜವಾಗಿ ಹಾಯುತ್ತಿದೆಯೇ ಎಂಬ ಗುಟ್ಟನ್ನು ಪ್ರಯೋಗಿಸುವವರಿಗೂ ಒಳಗಾಗುವವರಿಗೂ ಬಿಡದೆ ಅದನ್ನೇ ಮಾಡಿ ನೋಡಿದಾಗ ಆ ಪರಿಣಾಮ ಸಿಗಲಿಲ್ಲ. ಹಾಗಾಗಿ ಮೀಟರಿನಿಂದ ನಾನು ನಿರೀಕ್ಷಿಸುವುದು ಕಟ್ಟಡದ ವಿದ್ಯುತ್ ನಕ್ಷೆಯನ್ನು ಮಾತ್ರ.

ತಾಪಮಾನದ ವಿಷಯವನ್ನು ಬೇಗ ಮುಗಿಸಬಹುದು. ‘ಕೋಲ್ಡ್ ಸ್ಪಾಟ್’, ಅಂದರೆ ಇದ್ದಕ್ಕಿದ್ದಂತೆ ತಣ್ಣಗೆನಿಸುವ ಜಾಗ ಹುಡುಕಲು ಬಹಳ ಮಂದಿ ಹಿಡಿದು ಓಡಾಡುವ ಇನ್‌ಫ್ರಾರೆಡ್ ಗನ್ ಗಾಳಿಯ ತಾಪವನ್ನು ಅಳೆಯುವುದೇ ಇಲ್ಲ, ಎದುರಿಗಿರುವ ಮೇಲ್ಮೈಯ ತಾಪವನ್ನು ಅಳೆಯುತ್ತದೆ. 12:1 ಎಂದು ನಮೂದಾಗಿರುವ ಗನ್ ಆದರೆ, ಹನ್ನೆರಡು ಅಡಿ ದೂರದಲ್ಲಿ ಒಂದು ಅಡಿ ಅಗಲದ ವೃತ್ತದ ಸರಾಸರಿಯನ್ನು ಹೇಳುತ್ತದೆ. ಹೊಳೆಯುವ ಲೋಹದ ಮೇಲೆ ಬಿಟ್ಟರೆ ಅದೂ ಸರಿಯಿರುವುದಿಲ್ಲ. ಕೋಣೆಯ ನಡುವೆ ನಿಂತು ಅದನ್ನು ಆಡಿಸಿದಾಗ ಕಿಟಕಿಯ ಗಾಜು ಬಂದ ಕೂಡಲೇ ಅಂಕಿ ಕುಸಿಯುವುದು ಸಹಜ. ಇದರ ಬದಲು ನಿಮಿಷಕ್ಕೊಮ್ಮೆ ಬರೆದುಕೊಳ್ಳುವ ಎರಡು ಒಂದೇ ಮಾದರಿಯ ಡೇಟಾ ಲಾಗರ್‌ಗಳನ್ನು, ಒಂದನ್ನು ಕಥೆಯಿರುವ ಕೋಣೆಯಲ್ಲಿ, ಇನ್ನೊಂದನ್ನು ಕಥೆಯಿಲ್ಲದ ಪಕ್ಕದ ಕೋಣೆಯಲ್ಲಿ ಇಟ್ಟೆವು. ಇಬ್ಬರು ಜೊತೆಗಾರರು ಕತ್ತಿನ ಹಿಂದೆ ಚಳಿ ಹತ್ತಿತು ಎಂದು ವೇಳೆ ಬರೆದಿಟ್ಟಿದ್ದ ಹೊತ್ತಿನಲ್ಲಿ ಎರಡೂ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ ನಿಧಾನವಾಗಿ ಇಳಿಯುತ್ತಿದ್ದವಷ್ಟೇ. ಅವರು ಕುಳಿತಿದ್ದ ಜಾಗದಲ್ಲಿ ತೆಳುವಾದ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ತೂಗುಬಿಟ್ಟಾಗ ಅದು ಬಾಗಿಲ ಸಂದಿನ ಕಡೆಯಿಂದ ಒಂದೇ ಸಮನೆ ಅಲುಗಾಡಿತು. ಥರ್ಮಲ್ ಕ್ಯಾಮೆರಾ ಇವೆರಡಕ್ಕಿಂತ ಆಕರ್ಷಕ, ಆದರೆ ಅದರ ಕಣ್ಣಿಗೆ ಗಾಜು ಪಾರದರ್ಶಕವಲ್ಲ, ಕನ್ನಡಿ. ಗಾಜಿನ ಬಾಗಿಲಿನಾಚೆ ನಿಂತಂತೆ ಕಾಣುವ ಬೆಚ್ಚಗಿನ ಆಕೃತಿ ಕ್ಯಾಮೆರಾ ಹಿಡಿದವರದೇ ಆಗಿರುತ್ತದೆ, ಮರದ ಕಟಕಟೆಯ ಮೇಲಿನ ಬೆರಳಚ್ಚು ಯಾರೋ ಸ್ವಲ್ಪ ಹೊತ್ತಿನ ಹಿಂದೆ ಕೈಯೂರಿ ಹೋದದ್ದಾಗಿರುತ್ತದೆ.

ಧ್ವನಿಯ ವಿಭಾಗದಲ್ಲಿ ಮೂರು ಪೈಪೋಟಿದಾರರಿದ್ದಾರೆ, ಮತ್ತು ನನ್ನ ಮಟ್ಟಿಗೆ ಇದೇ ಅತ್ಯಂತ ರೋಚಕ ಭಾಗ. ಮೊದಲನೆಯದು ಸಾದಾ ರೆಕಾರ್ಡರ್. 1959ರಲ್ಲಿ ಹಕ್ಕಿಗಳ ಹಾಡನ್ನು ಟೇಪಿನಲ್ಲಿ ಹಿಡಿಯುತ್ತಿದ್ದ ಸ್ವೀಡನ್ನಿನ ಫ್ರೀಡ್ರಿಕ್ ಯೂರ್ಗೆನ್ಸನ್ ಆ ಟೇಪಿನಲ್ಲಿ ಮನುಷ್ಯರ ಮಾತು ಕೇಳಿಸಿತು ಎಂದು ಹೇಳಿದ ಬಳಿಕ, ಧ್ವನಿಮುದ್ರಣಗಳಲ್ಲಿ ದೆವ್ವದ ಮಾತು ಹುಡುಕುವ ಇವಿಪಿ (ಎಲೆಕ್ಟ್ರಾನಿಕ್ ವಾಯ್ಸ್ ಫಿನಾಮಿನಾ) ಎಂಬ ಪದ್ಧತಿ ಬೆಳೆಯಿತು. ಎರಡನೆಯದು ಸ್ಪಿರಿಟ್ ಬಾಕ್ಸ್. 2002ರಲ್ಲಿ ಅಮೆರಿಕದ ಫ್ರಾಂಕ್ ಸಂಪ್ಷನ್ ಕಟ್ಟಿದ ಪೆಟ್ಟಿಗೆಯ ಜಾಡಿನಲ್ಲಿ ಬಂದ ಇದು ರೇಡಿಯೋ ಕೇಂದ್ರಗಳ ಮೇಲೆ ಎಲ್ಲಿಯೂ ನಿಲ್ಲದೆ ಹಾಯುತ್ತ ಹೋಗುತ್ತದೆ. ಮೂರನೆಯದು 2016ರ ಸುಮಾರಿಗೆ ರೂಪುಗೊಂಡ ಎಸ್ಟೆಸ್ ವಿಧಾನ: ಒಬ್ಬರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಹೊರಗಿನ ಸದ್ದು ಒಳಬಿಡದ ಹೆಡ್‌ಫೋನಿನಲ್ಲಿ ಸ್ಪಿರಿಟ್ ಬಾಕ್ಸ್ ಕೇಳುತ್ತ ಕಿವಿಗೆ ಬಿದ್ದ ಪದಗಳನ್ನು ಗಟ್ಟಿಯಾಗಿ ಹೇಳುತ್ತಾರೆ; ಉಳಿದವರು ಕೇಳುವ ಪ್ರಶ್ನೆಗಳು ಅವರಿಗೆ ಕೇಳಿಸುವುದಿಲ್ಲ.

ಸ್ಪಿರಿಟ್ ಬಾಕ್ಸನ್ನು ಎಲ್ಲರೂ ಒಟ್ಟಿಗೆ ಕೇಳಿದಾಗ ಅದು ಅದ್ಭುತವಾಗಿ ‘ಮಾತಾಡುತ್ತದೆ’. ಒಬ್ಬರು “ಹೋಗು ಎಂದಿತು” ಎಂದ ಮೇಲೆ ಮಿಕ್ಕವರಿಗೂ ಹೋಗು ಎಂದೇ ಕೇಳಿಸುತ್ತದೆ. ಅದೇ ಧ್ವನಿಮುದ್ರಣವನ್ನು ಆ ರಾತ್ರಿ ಸ್ಥಳದಲ್ಲಿ ಇಲ್ಲದಿದ್ದ ಮೂವರಿಗೆ ಪ್ರತ್ಯೇಕವಾಗಿ ಕೇಳಿಸಿ, ಪರಸ್ಪರ ಮಾತನಾಡದೆ ಬರೆಯಲು ಹೇಳಿದೆವು. ಮೂವರ ಹಾಳೆಗಳಲ್ಲಿ ಬಹುಪಾಲು ಪದಗಳು ಬೇರೆ ಬೇರೆಯಾಗಿದ್ದವು. ಕೂಡಿಬಂದ ಕೆಲವು ಪದಗಳು ಜಾಹೀರಾತಿನ ತುಣುಕುಗಳೆಂದು ಸುಲಭವಾಗಿ ಗುರುತು ಸಿಕ್ಕವು. ಎಸ್ಟೆಸ್ ವಿಧಾನ ಈ ಸೋಂಕನ್ನು ತಡೆಯುತ್ತದೆ, ಆ ಮಟ್ಟಿಗೆ ಅದು ಬುದ್ಧಿವಂತಿಕೆಯ ಏರ್ಪಾಡು. ಆದರೆ ಬಾಗಿಲೊಂದನ್ನು ಭದ್ರಪಡಿಸಿ ಇನ್ನೊಂದನ್ನು ತೆರೆದಿಡುತ್ತದೆ: ಪದವನ್ನೂ ಪ್ರಶ್ನೆಯನ್ನೂ ಕೂಡಿಸುವವರು ಎರಡನ್ನೂ ಕೇಳಿದವರೇ. ಇದನ್ನು ಒರೆಗೆ ಹಚ್ಚಲು ನಾವು ಒಂದು ಅವಧಿಯ ಪ್ರಶ್ನೆಗಳನ್ನು ಇನ್ನೊಂದು ಅವಧಿಯ ಪದಗಳ ಪಕ್ಕದಲ್ಲಿ ಬೇಕೆಂದೇ ಅಡ್ಡಾದಿಡ್ಡಿ ಜೋಡಿಸಿ, ಸರಿಯಾದ ಜೋಡಿಗಳೊಂದಿಗೆ ಬೆರೆಸಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಯಾವುವು ಅರ್ಥಪೂರ್ಣ ಎಂದು ಗುರುತು ಹಾಕಲು ಕೊಟ್ಟೆವು. ಸುಳ್ಳು ಜೋಡಿಗಳಿಗೂ ನಿಜವಾದವುಗಳಷ್ಟೇ ಧಾರಾಳವಾಗಿ ಗುರುತು ಬಿತ್ತು. ಈ ಪರೀಕ್ಷೆಗೆ ಕಾಗದ ಪೆನ್ಸಿಲ್ ಬಿಟ್ಟು ಬೇರೇನೂ ಬೇಡ, ಎಸ್ಟೆಸ್ ಮಾಡುವ ಯಾವ ಗುಂಪೂ ಇದನ್ನು ಮಾಡಿ ನೋಡಬಹುದು.

ರೆಕಾರ್ಡರ್ ಒಂದೇ ಆದರೆ ಅದೂ ಮೋಸಗೊಳಿಸುತ್ತದೆ, ಎರಡಾದರೆ ಸಾಕ್ಷಿಯಾಗುತ್ತದೆ. ಧ್ವನಿಮಟ್ಟವನ್ನು ತಾನಾಗಿ ಏರಿಸುವ ಸೌಲಭ್ಯವನ್ನು ಆರಿಸದಿದ್ದರೆ, ನಿಶ್ಶಬ್ದ ಕೋಣೆಯಲ್ಲಿ ಯಂತ್ರ ತನ್ನದೇ ಗುಯ್ಗುಡುವಿಕೆಯನ್ನು ಹಿಗ್ಗಿಸಿ ಕೊಡುತ್ತದೆ. ಫೈಲು ಕುಗ್ಗಿಸುವ ಎಂಪಿ3 ಬದಲು ಡಬ್ಲ್ಯುಎವಿ ಆರಿಸಿಕೊಳ್ಳುವುದು ಒಳ್ಳೆಯದು. ನಾವು ಎರಡು ರೆಕಾರ್ಡರ್‌ಗಳನ್ನು ಎದುರುಬದುರು ಮೂಲೆಗಳಲ್ಲಿಟ್ಟು, ಎರಡರ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ವೇಳೆ ಹೊಂದಿಸಿಕೊಂಡು ಆರಂಭಿಸುತ್ತೇವೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ವೇಗದಲ್ಲಿ ಸಾಗುವುದರಿಂದ, ಯಾವ ಮೂಲೆಗೆ ಮೊದಲು ತಲುಪಿತು ಎಂಬುದನ್ನು ಕಂಪ್ಯೂಟರಿನಲ್ಲಿ ಅಲೆಗಳನ್ನು ಹಿಗ್ಗಿಸಿ ಓದಬಹುದು. ಒಮ್ಮೆ ಒಂದು ರೆಕಾರ್ಡರಿನಲ್ಲಿ ನರಳಿದಂಥ ಸ್ಪಷ್ಟ ಧ್ವನಿ ಸಿಕ್ಕಿತು. ಇನ್ನೊಂದರಲ್ಲಿ ಅದರ ಸುಳಿವೇ ಇರಲಿಲ್ಲ. ಅಂದರೆ ಸದ್ದು ಮೊದಲನೆಯದರ ತೀರ ಸಮೀಪದಲ್ಲಿ ಹುಟ್ಟಿದ್ದು. ಅದರ ಮಗ್ಗುಲಲ್ಲಿ ಕುಳಿತಿದ್ದವರು ಆ ರಾತ್ರಿ ಊಟ ಬಿಟ್ಟಿದ್ದರು, ಹೊಟ್ಟೆ ತಾಳ ಹಾಕುತ್ತಿತ್ತು. ಅಂದಿನಿಂದ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಹೊಟ್ಟೆಯ ಗುಡುಗು ಎಲ್ಲವನ್ನೂ ಆದ ಕೂಡಲೇ ಬಾಯಿಬಿಟ್ಟು ಹೇಳಿ ದಾಖಲಿಸುವುದು ನಮ್ಮಲ್ಲಿ ಕಡ್ಡಾಯ.

ಕ್ಯಾಮೆರಾಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಫ್ಲ್ಯಾಷ್ ಮಸೂರಕ್ಕೆ ಹತ್ತಿರವಿರುವ ಸಣ್ಣ ಡಿಜಿಟಲ್ ಕ್ಯಾಮೆರಾಗಳಲ್ಲಿ ಕಾಣುವ ಬೆಳಕಿನ ಗೋಲಿಗಳು ಧೂಳಿನ ಕಣಗಳು. ಕಂಬಳಿ ಕೊಡವಿ ಅದೇ ಚಿತ್ರವನ್ನು ಯಾರು ಬೇಕಾದರೂ ತೆಗೆಯಬಹುದು. ಎಸ್‌ಎಲ್‌ಎಸ್ ಕ್ಯಾಮೆರಾ ಎಂದು ಮಾರಾಟವಾಗುವುದು ಮೈಕ್ರೋಸಾಫ್ಟ್ 2010ರಲ್ಲಿ ವಿಡಿಯೋ ಗೇಮ್‌ಗಾಗಿ ಬಿಡುಗಡೆ ಮಾಡಿದ ಕೈನೆಕ್ಟ್ ತಂತ್ರವನ್ನು ನೆಚ್ಚಿಕೊಂಡದ್ದು. ಎದುರಿಗಿರುವುದರಲ್ಲಿ ಮನುಷ್ಯನ ಕೈಕಾಲುಗಳನ್ನು ಹುಡುಕುವುದೇ ಅದರ ಕಸುಬಾದ್ದರಿಂದ, ಕುರ್ಚಿಯ ಮೇಲೆ ಬಿದ್ದಿದ್ದ ಕೋಟಿನಲ್ಲೂ ನಮಗೆ ಕಡ್ಡಿ ಮನುಷ್ಯನೊಬ್ಬನನ್ನು ತೋರಿಸಿತು. ಸ್ಟ್ಯಾಂಡಿನ ಮೇಲೆ ಅಲುಗಾಡದೆ ನಿಂತು, ಬಾಗಿಲು ಮತ್ತು ಜನರೆಲ್ಲ ಚೌಕಟ್ಟಿನೊಳಗೆ ಬರುವಂತೆ ರಾತ್ರಿಯಿಡೀ ಚಿತ್ರೀಕರಿಸುವ ಸಾಧಾರಣ ಕ್ಯಾಮೆರಾ ಇದಕ್ಕಿಂತ ನೂರುಪಾಲು ಉಪಯುಕ್ತ, ಏಕೆಂದರೆ ಸದ್ದಾದಾಗ ಯಾರು ಎಲ್ಲಿದ್ದರು ಎಂಬ ಜಗಳ ಅದರಿಂದ ಕೂಡಲೇ ತೀರುತ್ತದೆ.

ಯಂತ್ರಗಳ ನಡುವಿನ ಈ ಎಲ್ಲ ವ್ಯತ್ಯಾಸಗಳಿಗಿಂತ ದೊಡ್ಡ ವ್ಯತ್ಯಾಸವನ್ನು ನಾವು ಕಂಡದ್ದು ಜನರನ್ನು ಕರೆದೊಯ್ಯುವ ಎರಡು ರೀತಿಗಳಲ್ಲಿ. ಸ್ಥಳದ ಕಥೆಯನ್ನು ಮೊದಲೇ ಹೇಳಿ ಕರೆದೊಯ್ದ ಗುಂಪು, ಮನೆಯ ನಕ್ಷೆಯ ಮೇಲೆ ‘ಇಲ್ಲಿ ಏನೋ ಅನಿಸಿತು’ ಎಂದು ಹಾಕಿದ ಗುರುತುಗಳೆಲ್ಲ ಕಥೆಯಲ್ಲಿ ಬರುವ ಕೋಣೆಯಲ್ಲೇ ಗುಂಪುಗೂಡಿದವು. ಕಥೆ ಹೇಳದೆ ಒಬ್ಬೊಬ್ಬರನ್ನೇ ಕಳಿಸಿದಾಗ ಗುರುತುಗಳು ಚದುರಿದವು, ಆದರೂ ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಕತ್ತಲೆ ಜಾಗದಲ್ಲಿ ಒಂದಷ್ಟು ಮತ್ತೆ ಮತ್ತೆ ಬಿದ್ದವು. ಬ್ರಿಟನ್ನಿನ ಮನೋವಿಜ್ಞಾನಿ ರಿಚರ್ಡ್ ವೈಸ್‌ಮನ್ ಮತ್ತು ಸಂಗಡಿಗರು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲೂ ಎಡಿನ್‌ಬರೋದ ನೆಲಮಾಳಿಗೆಗಳಲ್ಲೂ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಬೆಳಕು ಮತ್ತು ಕೋಣೆಯ ಗಾತ್ರದಂಥ ಪರಿಸರದ ಅಂಶಗಳತ್ತ ಬೆರಳು ಮಾಡಿದ್ದು ಇದರೊಂದಿಗೆ ಹೊಂದುತ್ತದೆ. ಹಗಲಿನಲ್ಲೂ ತಲೆನೋವು, ಹೆಜ್ಜೆ ಸದ್ದು, ಆಕೃತಿಗಳು ಎಂದು ಮನೆಯವರೆಲ್ಲ ದೂರುವ ಮನೆಗಾದರೆ, ಬೇರೆಲ್ಲಕ್ಕಿಂತ ಮೊದಲು ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಯ್ಯುತ್ತೇವೆ. ಮನೆ ಬೆಚ್ಚಗಿಡುವ, ಕೆಟ್ಟುಹೋದ ಕುಲುಮೆಯಿಂದ ಸೋರಿದ ಆ ಅನಿಲವೇ ಮನೆಯೊಂದರ ‘ದೆವ್ವಗಳಿಗೆ’ ಕಾರಣವಾಗಿದ್ದ ಪ್ರಕರಣವನ್ನು 1921ರಲ್ಲೇ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ ಪ್ರಕಟಿಸಿದ್ದರು.

ಉಳಿದದ್ದು ಕಿವಿಗೆ ಕೇಳಿಸದ ತಗ್ಗಿನ ಶಬ್ದ, ಇನ್‌ಫ್ರಾಸೌಂಡ್. ಪ್ರಯೋಗಾಲಯದಲ್ಲಿ ಕಣ್ಣಂಚಿಗೆ ಬೂದು ಆಕೃತಿ ಕಂಡು ಬೆವರಿದ್ದ ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿ, ಬೆಂಚ್ ವೈಸ್‌ಗೆ ಸಿಗಿಸಿದ್ದ ತನ್ನ ಕತ್ತಿವರಸೆಯ ಅಲಗು ತಾನಾಗಿ ಕಂಪಿಸುವುದನ್ನು ನೋಡಿ, ಗಾಳಿ ಹೊರಹಾಕುವ ಹೊಸ ಫ್ಯಾನ್ ಸುಮಾರು 19 ಹರ್ಟ್ಸ್‌ನ (ಸೆಕೆಂಡಿಗೆ 19 ಕಂಪನ) ನಿಂತ ಅಲೆಯನ್ನು ಎಬ್ಬಿಸುತ್ತಿದೆ ಎಂದು 1998ರ ಪ್ರಬಂಧದಲ್ಲಿ ತೋರಿಸಿದರು. 2009ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗದಲ್ಲಾದರೋ, ಕೃತಕವಾಗಿ ಕಟ್ಟಿದ ಕೋಣೆಯಲ್ಲಿ ಕುಳಿತ 79 ಜನರಲ್ಲಿ ಹಲವರಿಗೆ ವಿಚಿತ್ರ ಅನುಭವಗಳಾದರೂ, ಇನ್‌ಫ್ರಾಸೌಂಡ್ ಹಾಯಿಸಿದ್ದಕ್ಕೂ ಅವಕ್ಕೂ ನಂಟು ಸಿಗಲಿಲ್ಲ. ಫೋನಿನ ಆ್ಯಪ್‌ಗಳು ಇದನ್ನು ಅಳೆಯುತ್ತೇವೆ ಎನ್ನುತ್ತವೆ, ಆದರೆ ಫೋನಿನ ಮೈಕು ಮಾತಿಗಾಗಿ ತಯಾರಾದದ್ದು, 20 ಹರ್ಟ್ಸ್‌ಗಿಂತ ಕೆಳಗೆ ಅದರ ಅಂಕಿಯನ್ನು ನಂಬಲಾಗದು. ಸರಿಯಾದ ಮೈಕ್ರೋಫೋನ್ ದುಬಾರಿ. ನಾವು ಖರ್ಚಿಲ್ಲದ ಮೂರನೆಯ ದಾರಿ ಹಿಡಿದಿದ್ದೇವೆ: ಕೋಣೆಯೊಳಗೆ ಒಬ್ಬರು ಕುಳಿತು ಅನುಭವಗಳ ವೇಳೆ ಬರೆಯುತ್ತಿರುವಾಗ, ಹೊರಗಿನಿಂದ ಕಟ್ಟಡದ ಫ್ಯಾನ್ ಮತ್ತು ಪಂಪ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತ, ಮತ್ತೆ ಹಾಕುತ್ತ, ಕೊನೆಗೆ ಎರಡೂ ಪಟ್ಟಿಗಳನ್ನು ತಾಳೆ ನೋಡುತ್ತೇವೆ. ಫ್ಯಾನ್ ನಿಂತದ್ದು ಒಳಗೆ ಕುಳಿತವರ ಕಿವಿಗೆ ಗೊತ್ತಾಗದಂತೆ ಮಾಡಲು ಇಯರ್‌ಪ್ಲಗ್‌ನಿಂದ ಅರ್ಧ ಮಾತ್ರ ಕೆಲಸವಾಗಿದೆ. ನೆಲದ ಮೂಲಕ ಪಾದಕ್ಕೆ ತಾಗುವ ನಡುಕವನ್ನು ಮರೆಮಾಡುವ ಉಪಾಯವನ್ನು ಇನ್ನೂ ಹುಡುಕುತ್ತಿದ್ದೇವೆ.