ಮಿಯಾಟಾಗೆ ಹಾರ್ಡ್‌ಟಾಪ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ನನ್ನ ಗೋಳು ಕೇಳಿ

ಅಮೆರಿಕದಲ್ಲಿರುವ ಕನ್ನಡದವರಲ್ಲಿ ಎರಡೇ ಸೀಟಿನ ಪುಟ್ಟ ಕಾರು ಹಳೇ ಮಾಜ್ದಾ ಮಿಯಾಟಾದ ಹುಚ್ಚು ಹಿಡಿದವರು ನಾನೊಬ್ಬನೇ ಇರಲಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ನನ್ನದು 1996ರ ಕೆಂಪು ಮಿಯಾಟಾ, ಹೆಡ್‌ಲೈಟ್ ಕಪ್ಪೆ ಕಣ್ಣಿನ ಹಾಗೆ ಮೇಲೆ ಏಳುತ್ತದಲ್ಲ, ಅದು. ಬೇಸಿಗೆಯಲ್ಲಿ ಬಟ್ಟೆ ಟಾಪ್ ಮಡಚಿಟ್ಟು ಹೊರಟರೆ ಸ್ವರ್ಗ. ಜನವರಿಯಲ್ಲಿ ಅದೇ ಬಟ್ಟೆ ಕೆಳಗೆ ಕೂತರೆ ಕಿವಿ ಮರಗಟ್ಟುತ್ತದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಚಳಿಗೆ ಗಟ್ಟಿಯಾಗಿ ಹಪ್ಪಳದಂತೆ ಬಿರುಕು ಬಿಡುತ್ತದೆ. ಚಳಿಗಾಲಕ್ಕೊಂದು ಹಾರ್ಡ್‌ಟಾಪ್, ಅಂದರೆ ಬೇಕಾದಾಗ ಕೂರಿಸಿ ತೆಗೆಯಬಹುದಾದ ಗಟ್ಟಿ ಚಾವಣಿ, ಇದ್ದರೆ ಸಾಕು ಅಂತ ಹುಡುಕಲು ಶುರು ಮಾಡಿದೆ.

ಕಂಪನಿಯದೇ ಆದ ಸೆಕೆಂಡ್ ಹ್ಯಾಂಡ್ ಟಾಪ್‌ಗೆ ಒಬ್ಬರು 2,200 ಡಾಲರ್ ಕೇಳಿದರು. ಕಾರಿಗೆ ನಾನು ಕೊಟ್ಟಿದ್ದೇ 5,000! ಅಷ್ಟರಲ್ಲಿ ಇನ್ನೊಂದು ಜಾಹೀರಾತು ಕಣ್ಣಿಗೆ ಬಿತ್ತು. ಫೈಬರ್‌ಗ್ಲಾಸ್ ಟಾಪ್, ಕೆಂಪು ಬಣ್ಣ, 850 ಡಾಲರ್. ಫೋಟೋದಲ್ಲಿ ಗ್ಯಾರೇಜ್ ಗೋಡೆಗೆ ಒರಗಿಸಿಟ್ಟಿದ್ದರು, ಪಕ್ಕದಲ್ಲಿ ಮಗುವಿನದೊಂದು ನೀಲಿ ಸೈಕಲ್, ಟಾಪ್‌ನ ಬದಿಯಲ್ಲಿ ಅದನ್ನು ಕಾರಿಗೆ ಬಿಗಿಯುವ ಲಾಚ್ (ಕೊಂಡಿ) ಫಳಫಳ ಹೊಳೆಯುತ್ತಿತ್ತು. ಫೋನ್ ಮಾಡಿದೆ. "ಕಂಪನಿದರ ಹಾಗೇ ಕೂರುತ್ತೆ, ಏನೂ ಕೆಲಸ ಇಲ್ಲ" ಅಂದ. ಬೇರೆಯವರೂ ಕೇಳ್ತಿದ್ದಾರೆ ಅಂದ ಕೂಡಲೇ 200 ಡಾಲರ್ ಅಡ್ವಾನ್ಸ್ ಕಳಿಸಿಬಿಟ್ಟೆ. ಇದು ಮೊದಲನೇ ತಪ್ಪು.

ಎರಡನೇ ತಪ್ಪು ಇನ್ನೂ ದೊಡ್ಡದು. ತರಲು ಹೋಗಿದ್ದು ಗೆಳೆಯನ ಪಿಕಪ್‌ನಲ್ಲಿ, ನನ್ನ ಕಾರು ಮನೆಯಲ್ಲೇ ಇತ್ತು. ಮಾರುವವನ ಎದುರಿಗೇ ನಿಮ್ಮ ಕಾರಿನ ಮೇಲೆ ಕೂರಿಸಿ ನೋಡದೆ ಹಾರ್ಡ್‌ಟಾಪ್ ತರಲೇಬಾರದು ಅಂತ ಈಗ ಗೊತ್ತಾಗಿದೆ. ಅವನು ಪಾರ್ಕಿಂಗ್ ಜಾಗಕ್ಕೆ ಕರೆಸಿದ್ದ, ಕತ್ತಲಾಗಿತ್ತು, ಮೊಬೈಲ್ ಟಾರ್ಚ್ ಹಿಡಿದು ಮೇಲ್ಮೇಲೆ ನೋಡಿ ದುಡ್ಡು ಎಣಿಸಿಕೊಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಬದಿಯ ಲಾಚ್ ಎರಡೂ ಇಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಿಯಾಟಾದ ಕಂಪನಿ ಟಾಪ್ ಒಟ್ಟು ಆರು ಕಡೆ ಕಚ್ಚಿಕೊಳ್ಳುತ್ತದೆ: ಮುಂದೆ ಗಾಜಿನ ಚೌಕಟ್ಟಿಗೆ ಎರಡು, ಬಾಗಿಲ ಹಿಂದೆ ಆಚೆಗೊಂದು ಈಚೆಗೊಂದು, ಹಿಂಭಾಗದಲ್ಲಿ ಡಿಕ್ಕಿಯ ಮುಂದಿರುವ ಎರಡು ಬೋಲ್ಟ್‌ಗಳಿಗೆ. ಈ ಬೋಲ್ಟ್‌ಗಳಿಗೆ ಇಲ್ಲಿ ಫ್ರಾಂಕನ್‌ಸ್ಟೀನ್ ಬೋಲ್ಟ್ ಅಂತಲೇ ಅಡ್ಡಹೆಸರು. ನಾನು ತಂದಿದ್ದರ ಬದಿಯಲ್ಲಿ ಬರೀ ತೂತು. ಹಿಂದಿನ ಕಿಟಕಿ ಗಾಜಲ್ಲ, ಪ್ಲಾಸ್ಟಿಕ್, ಮಂಜು ಕರಗಿಸುವ ತಂತಿಯೂ ಇಲ್ಲ. ಸುತ್ತ ಅಂಟಿಸಿದ್ದ ರಬ್ಬರ್ ಬೀಡಿಂಗ್ ಮನೆ ಬಾಗಿಲ ಸಂದಿಗೆ ಹಾಕುವ ಸ್ಪಾಂಜ್ ಪಟ್ಟಿ!

ಅಲ್ಲಿಗೇ ನಿಲ್ಲಿಸಬೇಕಿತ್ತು. ಹೋದ ದುಡ್ಡಿಗೆ ಇನ್ನಷ್ಟು ದುಡ್ಡು ಸುರಿದೆ. ಬದಿಯ ಲಾಚ್ ಕೂರಿಸಲು ಒಂದು ಬಾಡಿ ಶಾಪ್‌ಗೆ ಹೋದೆ, 350 ಡಾಲರ್ ಅಂದರು. ಅವರು ಈ ಕೆಲಸ ಹಿಂದೆ ಮಾಡಿದ್ದಾರಾ ಅಂತ ನಾನು ಕೇಳಲೂ ಇಲ್ಲ. ಬದಿಯ ಲಾಚ್‌ಗೆ ಕಂಪನಿಯೇ ಬಾಡಿಯಲ್ಲಿ ಜಾಗ ಬಿಟ್ಟಿರುತ್ತದೆ. ಅದನ್ನು ಬಿಟ್ಟು ಆ ಮಹಾಶಯ ಒಂದಿಂಚು ಪಕ್ಕದಲ್ಲಿ ಹೊಸದಾಗಿ ಡ್ರಿಲ್ ಹೊಡೆದಿದ್ದ. ತೂತಿಗೆ ಬಣ್ಣ ಕೂಡ ಬಳಿದಿರಲಿಲ್ಲ.

ಮೊದಲ ಮಳೆಗೆ ಎಡ ಮೊಣಕಾಲಿನ ಮೇಲೆ ಟಪ್ ಅಂತ ಒಂದು ಹನಿ. ಮುಂದಿನ ಗಾಜು, ಟಾಪ್, ಬಾಗಿಲ ಕಿಟಕಿ ಮೂರೂ ಸೇರುವ ಮೂಲೆಯಿಂದ. ಒಂದು ಡಾಲರ್ ನೋಟು ಕಿಟಕಿಗೂ ರಬ್ಬರ್‌ಗೂ ನಡುವೆ ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ, ಬಿಗಿಯಾಗಿ ಬರಬೇಕು. ನನ್ನದರಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಹೈವೇಯಲ್ಲಿ 65 ಮೈಲಿ ದಾಟಿದರೆ ಹಿಂಭಾಗ ಗಡಗಡ ಅಲ್ಲಾಡಿ ಪೀಪಿ ಊದಿದ ಸದ್ದು. ಹೆಂಡತಿ ಒಂದೇ ಸಲ ಕೂತಿದ್ದು. "ರೀ, ಇದು ಹಾರಿ ಹೋಗಿ ಹಿಂದಿನವರ ತಲೆ ಮೇಲೆ ಬಿದ್ದರೆ ಜೈಲಿಗೆ ನೀವೇ ಹೋಗಿ" ಅಂದಳು. ಮುಂದಿನ ಎಕ್ಸಿಟ್‌ನಲ್ಲಿ ಹೈವೇ ಬಿಟ್ಟು ಮನೆಗೆ ನಿಧಾನವಾಗಿ ಬಂದೆವು.

ಇದಕ್ಕಿಂತ ಹೊಟ್ಟೆ ಉರಿದಿದ್ದು ಮಾರ್ಚ್‌ನಲ್ಲಿ. ಕಾರಿನೊಳಗೆ ಮುಗ್ಗಲು ವಾಸನೆ, ಸೀಟಿನ ಹಿಂದೆ ಕಾರ್ಪೆಟ್ ಎತ್ತಿದರೆ ನೀರು. ಈ ಕಾರುಗಳಲ್ಲಿ ಮೇಲಿನ ನೀರು ಸೀಟಿನ ಹಿಂದೆ ಇಳಿದು, ಎರಡೂ ಕಡೆ ಇರುವ ಡ್ರೈನ್‌ ತೂತಿನಿಂದ ಕೆಳಗೆ ಹೋಗಬೇಕು. ಶಾಪ್‌ನವರು ಡ್ರಿಲ್ ಮಾಡಿದಾಗ ಬಿದ್ದ ಕಬ್ಬಿಣದ ಚೂರು, ಮೇಲೊಂದಿಷ್ಟು ಮೇಪಲ್ ಎಲೆ, ಎರಡೂ ಸೇರಿ ಡ್ರೈನ್‌ಗೆ ಬಿರಡೆ ಹಾಕಿದಂತಾಗಿತ್ತು. ಬಾಗಿಲ ಕೆಳಗಿನ ಪಟ್ಟಿಯಲ್ಲಿ ಆಗಲೇ ತುಕ್ಕು ಗುಳ್ಳೆ ಎದ್ದಿತ್ತು. ಅದನ್ನು ಕತ್ತರಿಸಿ ವೆಲ್ಡ್ ಮಾಡಿಸಲು 900 ಡಾಲರ್. ಲೆಕ್ಕ ಹಾಕಿ, 850, 350, 900. ಕಂಪನಿ ಟಾಪ್‌ಗೆ ಇನ್ನು ನೂರು ಡಾಲರ್ ಕಮ್ಮಿ, ಅಷ್ಟೇ.

ಕಂಪನಿ ಟಾಪ್ ಕೊಳ್ಳುವವರೂ ಮೈಮರೆಯಬೇಡಿ. 2005ರವರೆಗಿನ ಎರಡು ತಲೆಮಾರಿನ ಕಾರಿಗೆ ಒಂದೇ ಟಾಪ್ ಆಗುತ್ತದೆ, ಆಮೇಲಿನ ಮಾಡೆಲ್‌ನದು ಇವಕ್ಕೆ ಕೂರುವುದಿಲ್ಲ, "ಸ್ವಲ್ಪ ಅಡ್ಜಸ್ಟ್ ಮಾಡಿದರೆ ಆಗುತ್ತೆ" ಅನ್ನುವವರನ್ನು ನಂಬಬೇಡಿ. ತೂಕ ಹೆಚ್ಚುಕಡಿಮೆ 20 ಕೇಜಿ, ಆದರೂ ಒಬ್ಬರೇ ಎತ್ತಲು ಹೋದರೆ ಡಿಕ್ಕಿ ಪೇಂಟ್ ಕೆರೆದು ಹೋಗುತ್ತದೆ. ಇನ್ನೊಂದು, ಲಾಚ್ ಬಿಚ್ಚಿದರೆ ಕೈಗೆ ಬರುವ ವಸ್ತು ಇದು, ಕಳ್ಳರಿಗೂ ಅದು ಗೊತ್ತು. ಬದಿಯ ಲಾಚ್‌ಗೆ ಹಾಕುವ ಬೀಗ ಸಿಗುತ್ತದೆ, ತಗೊಳ್ಳಿ.

ಆ ಮಾರಿದವನು ಮೊದಲ ಮಳೆಯಾದ ವಾರವೇ ನನ್ನ ನಂಬರ್ ಬ್ಲಾಕ್ ಮಾಡಿದ. ಟಾಪ್ ಈಗ ನನ್ನ ಗ್ಯಾರೇಜ್ ಸೂರಿಗೆ ನೇತಾಡುತ್ತಿದೆ. ಮೊನ್ನೆ ರಾತ್ರಿ ಸುಮ್ನೆ ಫೋನ್ ನೋಡುತ್ತಾ ಕೂತಿದ್ದಾಗ ಒಂದು ಜಾಹೀರಾತು ಬಂತು. ಕೆಂಪು ಟಾಪ್, ಅದೇ ಗೋಡೆ, ಅದೇ ನೀಲಿ ಸೈಕಲ್. ಬೆಲೆ 950 ಆಗಿದೆ.