ರೋಬೋಟ್ ಹುಚ್ಚಿಗೆ ಯಾವ ಬ್ರಾಂಚು? 500 ರೂಪಾಯಿಯ ಸಲಹೆ

ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಿಇಟಿ ಸಲಹಾ ಕೇಂದ್ರಕ್ಕೆ, ಎಂಜಿನಿಯರಿಂಗ್ ಬ್ರಾಂಚು ಕೇಳೋಕೆ, ರೋಬೋಟ್ ಹುಚ್ಚಿನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಫೀಸು 500. ಕೌಂಟರಿನಲ್ಲಿದ್ದವರು ರ‍್ಯಾಂಕ್ ನೋಡಿ, ‘ಕಂಪ್ಯೂಟರ್ ಸೈನ್ಸ್ ತಗೊಳ್ರಿ’ ಅಂದುಬಿಟ್ಟರು. ಅವಳ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಎದ್ದು ಬರೋಣ ಅನ್ನಿಸಿತು.

ಅಷ್ಟರಲ್ಲಿ ಒಳಗಿಂದ ಬಂದ ಮೇಡಂ ಅವಳ ಕೈಲಿದ್ದ ಆರ್ಡುಯಿನೋ ಕಾರು (ಕೋಡ್ ತುಂಬಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡಿನಿಂದ ಓಡುವ ಆಟಿಕೆ) ಇಸಿದುಕೊಂಡರು. ಗೋಡೆ ಎದುರಾದರೆ ಅದು ತಿರುಗಬೇಕು. ನಮ್ಮದು ಹೋಗಿ ಗುದ್ದುತ್ತದೆ! ‘ಯಾವ ಕೆಲಸ ಇಷ್ಟ ಆಯ್ತವ್ವಾ? ಗೇರು, ಚಕ್ರ ಕೂರಿಸೋದಾದರೆ ಮೆಕ್ಯಾನಿಕಲ್. ಸೆನ್ಸರು, ಮೋಟರ್ ಓಡಿಸೋ ಸರ್ಕ್ಯೂಟು ಆದರೆ ಎಲೆಕ್ಟ್ರಾನಿಕ್ಸ್. ಯಾಕೆ ಗುದ್ದಿತು ಅಂತ ಕೋಡ್ ತಿದ್ದೋದಾದರೆ ಕಂಪ್ಯೂಟರ್ ಸೈನ್ಸ್’ ಅಂದರು.

‘ಸೆನ್ಸರ್ ವೈರು ಹಚ್ಚೋದು’ ಅಂದಳು ಮಗಳು, ಥಟ್ಟನೆ. ಸೀಟಿಗಾಗಿ ಬೇಕಾದ ಕೋರ್ಸು, ಕಾಲೇಜು ಕ್ರಮವಾಗಿ ಬರೆಯುವ ಆಪ್ಷನ್ ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ಸ್ ಮೇಲಕ್ಕೆ ಬಂತು. ರೋಬೋಟಿಕ್ಸ್ ಅನ್ನೋ ಹೆಸರಿನ ಕೋರ್ಸೇ ಬೇಕು ಅಂತೇನಿಲ್ಲ, ಅಲ್ವಾ?

ಮೇಡಂ ಇರುವ ಹೊತ್ತು ಕೇಳಿಕೊಂಡೇ ಹೋಗಿ.