ತಾಳ ತಪ್ಪಿಸಿದ ಆಲ್ಬಂ: ಮಹಾವಿಷ್ಣು ಆರ್ಕೆಸ್ಟ್ರಾದ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್'

ಚಿಕ್ಕಂದಿನಲ್ಲಿ ಆರು ವರ್ಷ ಮೃದಂಗ ಕಲಿತಿದ್ದೆ. ಕೈ ಈಗ ಮರೆತಿದೆ. ಆದರೆ ಯಾವ ಹಾಡು ಕೇಳಿದರೂ ಬೆರಳು ತಾನಾಗಿಯೇ ತೊಡೆ ಮೇಲೆ ತಾಳ ಹಾಕುತ್ತದೆ. ಈ ಆಲ್ಬಂ ಮೊದಲ ಸಲ ಹಾಕಿದ ದಿನ ಆ ತಾಳವೇ ತಪ್ಪಿಹೋಯಿತು. ಸಮ, ಅಂದರೆ ತಾಳ ಶುರುವಾಗುವ ಮೊದಲ ಎಣಿಕೆ, ಎಲ್ಲಿದೆ ಅಂತಲೇ ಸಿಗಲಿಲ್ಲ. ಅದಕ್ಕೇ ಬಿಡೋಕೆ ಮನಸ್ಸಾಗಲಿಲ್ಲ.

ಮಹಾವಿಷ್ಣು ಆರ್ಕೆಸ್ಟ್ರಾ ಅನ್ನೋ ಈ ಜಾಝ್-ರಾಕ್ ತಂಡ ಕಟ್ಟಿದವರು ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್. ಇಂಗ್ಲೆಂಡಿನ ಯಾರ್ಕ್‌ಷೈರ್‌ನವರು, ನ್ಯೂಯಾರ್ಕಿಗೆ ಹೋಗಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ರೆಕಾರ್ಡಿಂಗ್‌ಗಳಲ್ಲಿ ನುಡಿಸಿದವರು. ಮಹಾವಿಷ್ಣು ಅನ್ನೋದು ಮೆಕ್‌ಲಾಫ್ಲಿನ್‌ಗೆ ಅವರ ಗುರು ಶ್ರೀ ಚಿನ್ಮೊಯ್ ಕೊಟ್ಟ ಹೆಸರು. 1971ರಲ್ಲಿ ಈ ಆಲ್ಬಂ ಬಂತು. ಡ್ರಮ್ಸ್‌ಗೆ ಪನಾಮಾದಲ್ಲಿ ಹುಟ್ಟಿದ ಬಿಲ್ಲಿ ಕಾಬ್‌ಹ್ಯಾಮ್, ಕೀಬೋರ್ಡಿಗೆ ಪ್ರಾಗ್‌ನ ಯಾನ್ ಹ್ಯಾಮರ್, ಪಿಟೀಲಿಗೆ ಶಿಕಾಗೋದ ಜೆರ್ರಿ ಗುಡ್‌ಮನ್, ಬೇಸ್‌ಗೆ, ಅಂದರೆ ತಗ್ಗು ಸ್ವರದ ಗಿಟಾರಿಗೆ, ಡಬ್ಲಿನ್‌ನ ರಿಕ್ ಲೇಯರ್ಡ್. ಎಂಟು ಟ್ರ್ಯಾಕ್, ಸುಮಾರು ಮುಕ್ಕಾಲು ಗಂಟೆ.

ಇದನ್ನು ಸುಮ್ನೆ ಸ್ಪೀಡು, ಗಲಾಟೆ ಅಂತ ಬದಿಗಿಡುವವರಿದ್ದಾರೆ. 'ದಿ ಡಾನ್ಸ್ ಆಫ್ ಮಾಯಾ' ಒಂದನ್ನೇ ತಗೊಳ್ಳಿ. ಶುರುವಿನಲ್ಲಿ ಗಿಟಾರ್ ತಂತಿಗಳನ್ನು ಒಂದೊಂದಾಗಿ ಮೀಟುತ್ತಾ ಬರುತ್ತದೆ, ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡ ಹಾಗೆ. ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, ಹತ್ತು ಎಣಿಕೆ. ನಾನು 'ತಕ ತಕಿಟ' ಅಂತ ಎರಡು ಸಲ ಹೇಳಿಕೊಂಡು ಹೋದೆ. ಖಂಡಚಾಪು ಅನ್ನೋ ನಮ್ಮ ಐದೆಣಿಕೆಯ ತಾಳದ ಓಲಾಟ ಇದಕ್ಕೆ ಕೂರಲಿಲ್ಲ, ಆದರೆ ಹತ್ತಕ್ಕೆ ಸರಿಯಾಗಿ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಎಲ್ಲ ಬದಲಾಗಿ ಬ್ಲೂಸ್ ಅನ್ನೋ ಅಮೆರಿಕದ ಹಳೇ ಶೈಲಿಯ ಸಂಗೀತ ಶುರು. ಅದು ಇಪ್ಪತ್ತು ಎಣಿಕೆ, ಅಂದರೆ ಎರಡು ಹತ್ತು! ಕೊನೆಗೆ ಮೊದಲಿನ ಆ ಗಿಟಾರ್ ಮಟ್ಟು ಈ ಬ್ಲೂಸ್ ಮೇಲೇ ಬಂದು ಕೂರುತ್ತದೆ. ಬೇರೆ ಬೇರೆ ಅಂದುಕೊಂಡಿದ್ದ ಎರಡೂ ಒಂದೇ ಲೆಕ್ಕದವು ಅಂತ ಗೊತ್ತಾದಾಗ ನಾನು ಕೂತಲ್ಲೇ 'ಭಲೇ' ಅಂದೆ. ಮಾರನೇ ದಿನ ಎಣಿಸಿಕೊಂಡು ಮತ್ತೆ ಮೂರು ಸಲ ಕೇಳಿದೆ.

ಆದರೂ ಹೊಸಬರು ಏಳನೇ ಟ್ರ್ಯಾಕ್ 'ಯೂ ನೋ ಯೂ ನೋ' ಇಂದ ಶುರು ಮಾಡಲಿ. ಗಿಟಾರ್‌ನ ಒಂದೇ ಪುಟ್ಟ ಮಟ್ಟು ತಿರುಗಿ ತಿರುಗಿ ಬರುತ್ತದೆ, ಮೆಲ್ಲಗೆ. ಮಧ್ಯೆ ಮಧ್ಯೆ ಒಬ್ಬೊಬ್ಬರು ಒಂದು ಮಾತು ಹೇಳಿದ ಹಾಗೆ ಹೇಳಿ ಸುಮ್ಮನಾಗುತ್ತಾರೆ. ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಕಾಬ್‌ಹ್ಯಾಮ್ ತಟ್ಟನೆ ಒಂದು ಸುರಿಮಳೆ ಸುರಿಸಿ ಮತ್ತೆ ಅದೇ ನಡೆಗೆ ಬಂದುಬಿಡುತ್ತಾರೆ. ಕೈ ಓಡಿಸುವುದು ಅಭ್ಯಾಸದಿಂದ ಬರುತ್ತದೆ. ಇಷ್ಟೊಂದು ಬರುವ ಕೈಯನ್ನು ಹಿಡಿದು ಕೂರಿಸುವುದು ಎಷ್ಟು ಕಷ್ಟ ಅಂತ ಪಕ್ಕವಾದ್ಯಕ್ಕೆ ಕೂತವರಿಗೆ ಗೊತ್ತು. ತಂಡದ ನಿಜವಾದ ತಾಕತ್ತು ನನಗೆ ಕಂಡಿದ್ದು ಇಲ್ಲೇ.

ಒಂದು ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಜೋರಾಗಿ ಹಾಕಿದ್ದೆ. ಅಮ್ಮ ಹುರುಳಿಕಾಯಿ ನಾರು ತೆಗೀತಾ ಕೂತಿದ್ದರು. ಮೊದಲ ಟ್ರ್ಯಾಕಿನ ಗುಡುಗಿಗೆ, "ಯಾರಿಗೋ ಬೈಯೋ ಹಾಗಿದೆ ಕಣೋ" ಅಂದರು. ನಾಲ್ಕನೆಯದು 'ಎ ಲೋಟಸ್ ಆನ್ ಐರಿಶ್ ಸ್ಟ್ರೀಮ್ಸ್', ಅದರಲ್ಲಿ ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಕರೆಂಟಿಲ್ಲದ ಗಿಟಾರ್, ಪಿಯಾನೋ, ಪಿಟೀಲು ಅಷ್ಟೇ. ಅಮ್ಮನ ಕೈ ನಿಂತಿತು. "ಪಿಟೀಲು ಯಾರದು?" ಅಂತ ಕೇಳಿದರು.

ಎಲ್ಲವೂ ಒಂದೇ ತೂಕ ಅಂತ ಹೇಳಲಾರೆ. ಕೊನೆಯ 'ಅವೇಕನಿಂಗ್' ನನಗೆ ಮನಸ್ಸಿನಲ್ಲಿ ನಿಲ್ಲಲಿಲ್ಲ. ವೇಗ ಜಾಸ್ತಿ, ಉಸಿರಾಡೋಕೆ ಜಾಗ ಕಡಿಮೆ. ಏಳನೆಯದು ಆದಮೇಲೆ ಅದು ಬರುವುದೂ ಒಂದು ಕಾರಣ ಇರಬಹುದು.

ಇನ್ನೊಂದು ಮಾತು. ದಯವಿಟ್ಟು ಇದನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ. ಮೇಲೆ ನಾಲ್ಕು ಜನ ಎಷ್ಟೇ ಹಾರಾಡಿದರೂ ಕೆಳಗೆ ಲೆಕ್ಕ ಬಿಡದೆ ಹಿಡಿದಿರುವವರು ರಿಕ್ ಲೇಯರ್ಡ್. ಚಿಕ್ಕ ಸ್ಪೀಕರಿನಲ್ಲಿ ಅವರೇ ಕೇಳಿಸುವುದಿಲ್ಲ. ಎಣಿಕೆ ತಪ್ಪಿದಾಗಲೆಲ್ಲ ನಾನು ಅವರ ಬೇಸ್ ಹಿಡಿದುಕೊಂಡೇ ಸಮಕ್ಕೆ ವಾಪಸ್ ಬಂದಿದ್ದೇನೆ.